ಕೆಂಪುಕಲ್ಲಿನ ಗೋಡೆಯಿಂದ ಪರದೆಯ ಬ್ರಾಕೆಟ್ ಮೂರನೆಯ ಬಾರಿ ಕಿತ್ತುಬಂದಿದೆ, ಪರಿಹಾರ ತಿಳಿಸುವಿರಾ?

ಪ್ರಶ್ನೆ (ಕುಂದಾಪುರದ ಸಮೀಪದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಡಲಿನಿಂದ ಎರಡು ಕಿಲೋಮೀಟರ್ ಒಳಗಿದೆ. ಗೋಡೆಗಳೆಲ್ಲ ಕೆಂಪುಕಲ್ಲಿನವು, ಒಳಗೂ ಹೊರಗೂ ಸಿಮೆಂಟ್ ಗಾರೆಯಾಗಿದೆ. ಚಾವಡಿಯ ಕಿಟಕಿ 6 ಅಡಿ ಅಗಲವಿದೆ. ಅದಕ್ಕೆ 8 ಅಡಿ ಉದ್ದದ, 1 ಇಂಚು ವ್ಯಾಸದ ಎರಡು ಸ್ಟೀಲ್ ರಾಡ್‌ಗಳನ್ನು ಜೋಡಿ ಬ್ರಾಕೆಟ್‌ಗಳ ಮೇಲೆ ಕೂರಿಸಿದ್ದೇವೆ. ಒಳಗಿನ ರಾಡ್‌ನಲ್ಲಿ ತೆಳು ಪರದೆ, ಹೊರಗಿನದರಲ್ಲಿ ಬಿಸಿಲು ತಡೆಯುವ ದಪ್ಪ ಬಟ್ಟೆಯ ನಾಲ್ಕು ಪರದೆಗಳು ಇವೆ. ಎರಡು ತುದಿಗಳಲ್ಲಿ ಒಂದೊಂದರಂತೆ ಎರಡೇ ಬ್ರಾಕೆಟ್‌ಗಳಿದ್ದು, ನಡುವೆ ಆಧಾರವಿಲ್ಲ.

ಮೊದಲ ಬಾರಿ ಹಾಕಿಸಿದ ಬ್ರಾಕೆಟ್ ನಾಲ್ಕು ತಿಂಗಳಲ್ಲಿ ಬಲಗಡೆ ಸಡಿಲವಾಯಿತು. ಕೆಲಸಕ್ಕೆ ಬಂದವರು ಅದೇ ತೂತಿಗೆ ಬೆಂಕಿಕಡ್ಡಿಗಳನ್ನು ತುರುಕಿ ಸ್ಕ್ರೂ ಬಿಗಿದು ಹೋದರು. ಅದು ಒಂದು ತಿಂಗಳು ನಿಂತಿತು. ಎರಡನೆಯ ಬಾರಿ ತೂತನ್ನು ದೊಡ್ಡದು ಮಾಡಿ ಬಿಳಿ ಸಿಮೆಂಟ್ ತುಂಬಿದರು. ಮೊನ್ನೆ ಬೆಳಿಗ್ಗೆ ನನ್ನ ತಾಯಿ ಪರದೆ ಸರಿಸುತ್ತಿದ್ದಾಗ ಬ್ರಾಕೆಟ್, ರಾವಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿನೊಳಗೆ ಇಡುವ ಪ್ಲಾಸ್ಟಿಕ್ ಕೊಳವೆ), ಅಂಗೈಯಷ್ಟು ಗಾರೆ ಎಲ್ಲವೂ ಒಟ್ಟಿಗೆ ಕಳಚಿ ಬಿದ್ದವು. ರಾಡ್ ಅವರ ಭುಜಕ್ಕೆ ತಗುಲಿತು. ದೊಡ್ಡ ಪೆಟ್ಟಾಗಲಿಲ್ಲ, ಆದರೆ ಇನ್ನೊಮ್ಮೆ ಹೀಗಾಗಬಾರದು. ಬಿದ್ದ ಸ್ಕ್ರೂಗಳು 35 ಮಿ.ಮೀ. ಉದ್ದದವು ಮತ್ತು ತಲೆಯಿಂದ ತುದಿಯವರೆಗೂ ತುಕ್ಕು ಹಿಡಿದಿವೆ. ಇನ್ನೂ ದಪ್ಪದ ಸ್ಕ್ರೂ ಹಾಕಿದರೆ ಸಾಕೇ, ಅಥವಾ ಗೋಡೆಯಲ್ಲೇ ದೋಷವಿದೆಯೇ?

ಉತ್ತರ (ಉಡುಪಿ, ಕಟ್ಟಡ ಕೆಲಸದ ಮೇಲ್ವಿಚಾರಕ)

ತಾಯಿಯವರಿಗೆ ಹೆಚ್ಚು ನೋವಾಗದಿದ್ದುದು ಸಮಾಧಾನ. ಸ್ಕ್ರೂ ಬದಲಿಸುವ ಮೊದಲು ನಾಲ್ಕು ಸಂಗತಿಗಳನ್ನು ನೋಡಿ ತಿಳಿಸಿ. ಗಾರೆ ಕಿತ್ತುಬಂದ ಜಾಗದಲ್ಲಿ ಸ್ಕೇಲ್ ಇಟ್ಟು ಗಾರೆಯ ದಪ್ಪ ಎಷ್ಟಿದೆ ಎಂದು ಅಳೆಯಿರಿ. ಕಿಟಕಿಯ ಚೌಕಟ್ಟಿನ ಹೊರ ಅಂಚಿನಿಂದ ಬ್ರಾಕೆಟ್ ಎಷ್ಟು ಇಂಚು ಆಚೆಗಿತ್ತು, ಚೌಕಟ್ಟಿನ ಮೇಲಂಚಿನಿಂದ ಎಷ್ಟು ಇಂಚು ಎತ್ತರದಲ್ಲಿತ್ತು ಎಂಬ ಎರಡೂ ಅಳತೆಗಳು ಬೇಕು. ಕಿಟಕಿಯ ಹೊರಗೆ ಕಾಂಕ್ರೀಟಿನ ಸಜ್ಜಾ ಇದೆಯೇ ನೋಡಿ. ಕೊನೆಯದಾಗಿ, ಹಳೆಯ ತೂತಿನ ಪಕ್ಕದಲ್ಲಿ ಸಣ್ಣ ಬಿಟ್‌ನಿಂದ ಒಂದು ತೂತು ಕೊರೆದು, ಬರುವ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಮೊದಲು ಬರುವುದು ಗಾರೆಯ ಬೂದು ಪುಡಿ. ಅನಂತರ ಬಣ್ಣ ಬದಲಾಗುತ್ತದೆಯೇ ಎಂಬುದು ಮುಖ್ಯ. ಕೆಂಪು ಬಂದರೆ ಕಲ್ಲು. ಬೂದು ಬಣ್ಣವೇ ಮುಂದುವರಿದು ಬಿಟ್ ಒಳಗೆ ಹೋಗಲು ಹಟ ಮಾಡಿದರೆ ಅದು ಲಿಂಟಲ್, ಅಂದರೆ ಕಿಟಕಿಯ ಮೇಲೆ ಅಡ್ಡಲಾಗಿ ಕೂರಿಸಿದ ತೊಲೆಯ ಕಾಂಕ್ರೀಟ್.

ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ನೇರ ಕೆಳಗೆ ಮಾತ್ರ ಕೊರೆಯಬೇಡಿ. ವಿದ್ಯುತ್ ತಂತಿಯ ಪೈಪುಗಳು ಸಾಮಾನ್ಯವಾಗಿ ಆ ಗೆರೆಯಲ್ಲೇ ಇಳಿದಿರುತ್ತವೆ.

ಪ್ರಶ್ನೆ ಕೇಳಿದವರು

ಸರ್, ಈ ದಿನ ಅಳೆದೆ. ಗಾರೆ 18 ಮಿ.ಮೀ. ದಪ್ಪವಿದೆ. ಬ್ರಾಕೆಟ್ ಚೌಕಟ್ಟಿನಿಂದ 10 ಇಂಚು ಆಚೆಗೆ, ಮೇಲಂಚಿನಿಂದ 4 ಇಂಚು ಎತ್ತರದಲ್ಲಿತ್ತು. ಹೊರಗೆ ಸಜ್ಜಾ ಇದೆ. ಹಳೆಯ ತೂತಿನ ಬಳಿ ಗಾರೆ ದಾಟಿದೊಡನೆ ಕೆಂಪು ಪುಡಿ ಬಂತು, ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಒಳಗೆ ಹೋಯಿತು. ಚೌಕಟ್ಟಿನ ನೇರ ಮೇಲೆ 4 ಇಂಚು ಎತ್ತರದಲ್ಲಿ ಕೊರೆದು ನೋಡಿದಾಗ ಬೂದು ಪುಡಿ ಬಂತು, ನಮ್ಮ ಸಣ್ಣ ಡ್ರಿಲ್ ಅಲ್ಲಿ ಗಾರೆ ದಾಟಿ ಅರ್ಧ ಇಂಚಿಗಿಂತ ಮುಂದೆ ಹೋಗಲಿಲ್ಲ. ಇನ್ನೊಂದು ಸಂಗತಿ ಗಮನಿಸಿದೆ: ಬಿದ್ದ ಪ್ಲಗ್ 6 ಮಿ.ಮೀ.ನದು, ಆದರೆ ತೂತಿನೊಳಗೆ ನನ್ನ 8 ಮಿ.ಮೀ. ಬಿಟ್ ಸಲೀಸಾಗಿ ಹೋಗುತ್ತದೆ.

ಉತ್ತರ (ಉಡುಪಿ)

ನೀವು ಕೊಟ್ಟ ಅಳತೆಗಳಲ್ಲೇ ಉತ್ತರವಿದೆ. 35 ಮಿ.ಮೀ. ಸ್ಕ್ರೂವಿನಲ್ಲಿ ಬ್ರಾಕೆಟ್ಟಿನ ತಗಡಿಗೆ 3 ಮಿ.ಮೀ., ಗಾರೆಗೆ 18 ಮಿ.ಮೀ. ಹೋದರೆ ಕಲ್ಲಿನೊಳಗೆ ಉಳಿದದ್ದು ಕೇವಲ 14 ಮಿ.ಮೀ. ಪ್ಲಗ್ಗಿನ ಹಿಗ್ಗುವ ಭಾಗದ ಬಹುಪಾಲು ಗಾರೆಯಲ್ಲೇ ಇತ್ತು. ಗಾರೆ ಗೋಡೆಗೆ ಅಂಟಿಕೊಂಡ ಹೊದಿಕೆಯಷ್ಟೇ ಆಗಿರುವುದರಿಂದ, ಒಳಗಿನಿಂದ ಹಿಗ್ಗಿಸಿದರೆ ಬಿರುಕು ಬಿಟ್ಟು ಕಲ್ಲಿನಿಂದ ಬೇರ್ಪಡುತ್ತದೆ. ಅಂಗೈಯಷ್ಟು ಗಾರೆ ಒಂದೇ ತುಂಡಾಗಿ ಬಿದ್ದುದು ಇದಕ್ಕೇ. ನಿಮ್ಮಲ್ಲಿ ಸ್ಕ್ರೂ ಸಣ್ಣದಾಗಿ ಸೋತದ್ದಲ್ಲ, ಅದು ಹಿಡಿದುಕೊಳ್ಳಲು ಗಟ್ಟಿ ಜಾಗವೇ ಇರಲಿಲ್ಲ. ದಪ್ಪ ಸ್ಕ್ರೂ ಹಾಕಿದರೆ ಗಾರೆ ಇನ್ನೂ ಬೇಗ ಒಡೆಯುತ್ತದೆ.

ಇನ್ನು ಭಾರದ ಲೆಕ್ಕ. ಎರಡು ರಾಡ್ ಮತ್ತು ಎಲ್ಲ ಪರದೆಗಳು ಸೇರಿ 7 ಕೆ.ಜಿ. ಎಂದಿಟ್ಟುಕೊಂಡರೆ ಒಂದು ಬ್ರಾಕೆಟ್ಟಿಗೆ ಮೂರೂವರೆ ಕೆ.ಜಿ. ಬೀಳುತ್ತದೆ. ಇಷ್ಟು ಕಡಿಮೆ ಭಾರಕ್ಕೆ ಹೇಗೆ ಕಿತ್ತುಬಂತು ಎಂದು ಅನೇಕರು ಆಶ್ಚರ್ಯಪಡುತ್ತಾರೆ. ಆದರೆ ಜೋಡಿ ಬ್ರಾಕೆಟ್‌ನಲ್ಲಿ ಭಾರ ಗೋಡೆಯಿಂದ ಸರಾಸರಿ 12 ಸೆಂ.ಮೀ. ಮುಂದೆ ತೂಗುತ್ತದೆ, ಮೇಲಿನ ಸ್ಕ್ರೂವಿಗೂ ತಗಡಿನ ಕೆಳ ಅಂಚಿಗೂ ನಡುವಿನ ಅಂತರವೋ ಸುಮಾರು 4 ಸೆಂ.ಮೀ. ಮಾತ್ರ. ಹಾರೆಯನ್ನು ಮೀಟುವಾಗ ಆಗುವಂತೆ ಇಲ್ಲಿ ಬಲ ಮೂರು ಪಟ್ಟಾಗಿ, ಮೇಲಿನ ಸ್ಕ್ರೂವನ್ನು ಹತ್ತು ಕೆ.ಜಿ.ಗಿಂತ ಹೆಚ್ಚಿನ ಬಲ ಹಗಲೂ ರಾತ್ರಿ ಹೊರಕ್ಕೆ ಎಳೆಯುತ್ತಿರುತ್ತದೆ. ಮಗುವೊಂದು 15 ಸೆಂ.ಮೀ. ಮುಂದಿರುವ ಹೊರ ರಾಡ್‌ನ ಪರದೆಗೆ ಜೋತುಬಿದ್ದು 15 ಕೆ.ಜಿ. ಭಾರವನ್ನು ಆ ಬ್ರಾಕೆಟ್ಟಿನ ಮೇಲೆ ಹಾಕಿದರೆ ಅದೊಂದೇ ಐವತ್ತು ಕೆ.ಜಿ. ದಾಟುತ್ತದೆ. ಮೇಲಿನ ಸ್ಕ್ರೂ ಯಾವಾಗಲೂ ಮೊದಲು ಬರುವುದು ಇದರಿಂದಲೇ.

ಜಾಗದ ಆಯ್ಕೆಯಲ್ಲಿಯೂ ತಪ್ಪಾಗಿದೆ. ಕಿಟಕಿಯ ಮೇಲಿನ ಲಿಂಟಲ್ ಮನೆಯ ಸುತ್ತ ಪಟ್ಟಿಯಾಗಿ ಹೋಗಿರದಿದ್ದರೆ ಸಾಮಾನ್ಯವಾಗಿ ಎರಡೂ ಬದಿಗೆ 6 ಇಂಚಿನಷ್ಟು ಗೋಡೆಯ ಮೇಲೆ ಕೂತಿರುತ್ತದೆ. ನಿಮ್ಮ ಬ್ರಾಕೆಟ್ 10 ಇಂಚಿನಲ್ಲಿದ್ದುದರಿಂದ ಲಿಂಟಲ್ ತಪ್ಪಿಹೋಗಿ ಕಲ್ಲಿಗೆ ಬಿತ್ತು. ಕೆಂಪುಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ, ಆದರೆ ಅದರೊಳಗಿನ ಸಣ್ಣ ಪೊಳ್ಳುಗಳೂ ಮಣ್ಣು ತುಂಬಿದ ಗೂಡುಗಳೂ ಹಾಗೆಯೇ ಉಳಿಯುತ್ತವೆ. ಡ್ರಿಲ್ ಯಂತ್ರವನ್ನು ಹ್ಯಾಮರ್‌ಗೆ, ಅಂದರೆ ಬಡಿಯುತ್ತ ಕೊರೆಯುವ ವಿಧಕ್ಕೆ ಇಟ್ಟು ಕೊರೆದರೆ ಆ ಗೂಡುಗಳು ಕುಸಿದು 6 ಮಿ.ಮೀ. ತೂತು ತಾನಾಗಿ 8 ಆಗುತ್ತದೆ. ಕೆಂಪುಕಲ್ಲಿನಲ್ಲಿ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಬೇಕು. ಲಿಂಟಲ್‌ನಲ್ಲಿ ಮಾತ್ರ ಹ್ಯಾಮರ್ ಬೇಕೇ ಬೇಕು.

ನನ್ನ ಸಲಹೆ: ಬ್ರಾಕೆಟ್‌ಗಳನ್ನು ಚೌಕಟ್ಟಿನಿಂದ 4 ಇಂಚಿಗೆ ತನ್ನಿರಿ, ಮೂರನೆಯದನ್ನು ನಡುವೆ ಹಾಕಿರಿ. ಎತ್ತರ ಲಿಂಟಲ್‌ನ ಮಧ್ಯಕ್ಕೆ, ಅಂದರೆ ಚೌಕಟ್ಟಿನಿಂದ 3 ಇಂಚಿನ ಆಸುಪಾಸಿಗೆ ಬರಲಿ. ಕಬ್ಬಿಣದ ಸರಳುಗಳು ಲಿಂಟಲ್‌ನ ಕೆಳಭಾಗದಲ್ಲಿಯೂ ಮೇಲ್ಭಾಗದಲ್ಲಿಯೂ ಇರುವುದರಿಂದ ಮಧ್ಯದಲ್ಲಿ ಅಡ್ಡಿ ಕಡಿಮೆ. ಬಿಟ್ ಲೋಹಕ್ಕೆ ತಗುಲಿದ ಸದ್ದು ಬಂದರೆ ಒತ್ತಬೇಡಿ, ಒಂದು ಇಂಚು ಪಕ್ಕಕ್ಕೆ ಸರಿಯಿರಿ.

ಉತ್ತರ (ಪುತ್ತೂರು, ಮರಗೆಲಸ)

ಉಡುಪಿಯ ಮಹನೀಯರು ಹೇಳಿದ ಕಾರಣವನ್ನು ಪೂರ್ತಿ ಒಪ್ಪುತ್ತೇನೆ, ಪರಿಹಾರದಲ್ಲಿ ಮಾತ್ರ ಒಂದು ತೊಡಕಿದೆ. ಐಲೆಟ್ ಪರದೆಯ, ಅಂದರೆ ಬಟ್ಟೆಯಲ್ಲೇ ಕೂರಿಸಿದ, ರಾಡ್ ತೂರುವ ಬಳೆಗಳು ಬ್ರಾಕೆಟ್ ದಾಟಿ ಹೋಗಲಾರವು. ಬ್ರಾಕೆಟ್ 4 ಇಂಚಿಗೆ ಬಂದರೆ ಪರದೆ ತೆರೆದಾಗ ಬಟ್ಟೆಯ ರಾಶಿ ಗಾಜಿನ ಮೇಲೆಯೇ ನಿಂತು, ಆರು ಅಡಿಯ ಕಿಟಕಿಯಿಂದ ಬರಬೇಕಾದ ಬೆಳಕನ್ನು ತಡೆಯುತ್ತದೆ. ಬ್ರಾಕೆಟ್ 10 ಇಂಚಿನಲ್ಲೇ ಇರಲಿ, ಆದರೆ ಅದು ಗೋಡೆಯ ಬದಲು ಹಲಗೆಯನ್ನು ಹಿಡಿಯಲಿ.

ಎಂಟೂವರೆ ಅಡಿ ಉದ್ದ, 4 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಮಾಡಿಸಿ. ನಮ್ಮ ಕಡೆ ಹಲಸು ಸುಲಭವಾಗಿ ಸಿಗುತ್ತದೆ. ಚೆನ್ನಾಗಿ ಒಣಗಿದ್ದರೆ ಬಾಗುವುದಿಲ್ಲ, ಸ್ಕ್ರೂವನ್ನು ಬಿಗಿಯಾಗಿ ಹಿಡಿಯುತ್ತದೆ. ಗೋಡೆಗೆ ತಾಗುವ ಬದಿಗೂ ಪಾಲಿಶ್ ಅಥವಾ ಪೇಂಟ್ ಬಳಿಯುವುದನ್ನು ಮರೆಯಬೇಡಿ, ಮಳೆಗಾಲದ ತೇವ ಆ ಕಡೆಯಿಂದಲೇ ಬರುತ್ತದೆ. ಹಲಗೆಯನ್ನು ಲಿಂಟಲ್‌ಗೆ ನಾಲ್ಕು ಕಡೆ ಫ್ರೇಮ್ ಪ್ಲಗ್ (ಹಲಗೆಯನ್ನೂ ತೂರಿ ಗೋಡೆಯೊಳಗೆ ಹೋಗುವ ಉದ್ದ ಪ್ಲಗ್) ಹಾಕಿ ಬಿಗಿಯಿರಿ. ಪ್ಲಗ್ 8 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ್ದಾಗಿರಲಿ, ಸ್ಕ್ರೂ ಅದರೊಂದಿಗೇ ಬರುತ್ತದೆ. ಹಲಗೆಗೆ 25, ಗಾರೆಗೆ 18 ಕಳೆದರೂ 57 ಮಿ.ಮೀ. ಕಾಂಕ್ರೀಟಿನೊಳಗೆ ಇರುತ್ತದೆ. ತೂತು ಪ್ಲಗ್ಗಿಗಿಂತ 10 ಮಿ.ಮೀ. ಆಳವಾಗಿರಲಿ, ಒಳಗಿನ ಪುಡಿಯನ್ನು ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಕಾಂಕ್ರೀಟನ್ನು ಹಿಡಿಯದೆ ಪುಡಿಯನ್ನೇ ಹಿಡಿಯುತ್ತದೆ. ಎರಡು ತುದಿಗಳಲ್ಲಿ ಕಲ್ಲಿಗೂ ಒಂದೊಂದು ಅದೇ ಪ್ಲಗ್ ಹಾಕಿ. ಅಲ್ಲಿ ಅದಕ್ಕೆ ಹೆಚ್ಚಿನ ಭಾರವಿಲ್ಲ, ಹಲಗೆಯ ತುದಿ ಅಲುಗದಂತೆ ಕಾದರೆ ಸಾಕು.

ಬ್ರಾಕೆಟ್‌ಗಳನ್ನು ಹಲಗೆಗೆ ಬಿಗಿಯುವಾಗ 25 ಮಿ.ಮೀ. ಸ್ಕ್ರೂ ಸಾಕು, ಮೊದಲು 3 ಮಿ.ಮೀ. ತೂತು ಕೊರೆದುಕೊಳ್ಳಿ. ಸ್ಕ್ರೂವನ್ನು ಸುತ್ತಿಗೆಯಿಂದ ಅರ್ಧ ಬಡಿದು ಉಳಿದರ್ಧವನ್ನು ತಿರುಗಿಸುವ ಅಭ್ಯಾಸ ನಮ್ಮವರಲ್ಲಿ ಬಹಳವಿದೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಬಡಿದಷ್ಟು ಉದ್ದಕ್ಕೂ ಎಳೆಗಳು ಮರವನ್ನು ಹರಿದುಹಾಕಿರುತ್ತವೆ, ಅಲ್ಲಿ ಹಿಡಿತವೇ ಇರುವುದಿಲ್ಲ. ಬೆಂಕಿಕಡ್ಡಿ ತುರುಕುವುದೂ ಅಷ್ಟೇ ತಪ್ಪು. ಮಳೆಗಾಲದಲ್ಲಿ ಕಡ್ಡಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕುಗ್ಗಿದ ದಿನ ಸ್ಕ್ರೂ ಸಡಿಲ. ಹಳೆಯ ಕಾಲದಲ್ಲಿ ಗೋಡೆಗೆ ಮರದ ಬೆಣೆ ಹೊಡೆದು ಅದಕ್ಕೆ ಮೊಳೆ ಹೊಡೆಯುತ್ತಿದ್ದರು. ಆ ಬೆಣೆಯೂ ಇದೇ ಕಾರಣಕ್ಕೆ ಸಡಿಲವಾಗುತ್ತಿತ್ತು. ಆರ್ಟುರ್ ಫಿಶರ್ ಎಂಬ ಜರ್ಮನ್ ಸಂಶೋಧಕರು 1958ರಲ್ಲಿ ತಂದ ನೈಲಾನ್ ಪ್ಲಗ್ ಮರದಂತೆ ಉಬ್ಬಿ ಕುಗ್ಗುವುದಿಲ್ಲವೆಂಬುದೇ ಅದರ ದೊಡ್ಡ ಗುಣ. ಅಂಗಡಿಯಲ್ಲಿ ಕೇಳುವಾಗ ನೈಲಾನಿನದೇ ಬೇಕೆಂದು ಹೇಳಿ. ಮುಟ್ಟಿದರೆ ಮುರಿಯುವ ಅಗ್ಗದ ಪ್ಲಾಸ್ಟಿಕ್ ಪ್ಲಗ್‌ಗಳೂ ಅದೇ ಡಬ್ಬಿಯಲ್ಲಿರುತ್ತವೆ.

ನಿಮ್ಮದು ಕಡಲ ತೀರವಾದ್ದರಿಂದ ಬ್ರಾಕೆಟ್ಟಿನ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, ಅದರಲ್ಲೂ 304 ದರ್ಜೆ ಎಂದು ಕೇಳಿ ಪಡೆಯಿರಿ. ಆಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯದೆಂಬ ಮಾತನ್ನು ನಂಬಬೇಡಿ. ಅಗ್ಗದ 202 ದರ್ಜೆಗೂ ಆಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ಉಪ್ಪುಗಾಳಿಗೆ ಅದು ಬೇಗ ಕಲೆಯಾಗುತ್ತದೆ. ಹಳದಿ ಲೇಪದ ಸ್ಕ್ರೂಗಳ ಮೇಲಿರುವುದು ತೆಳುವಾದ ಸತುವಿನ ಪದರ. ತೀರದಲ್ಲಿ ಅದು ಬಹಳ ಕಾಲ ತಡೆಯುವುದಿಲ್ಲ.

ಇನ್ನೊಬ್ಬರ ಪ್ರಶ್ನೆ (ಬೆಂಗಳೂರು)

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿಯೂ ಬ್ರಾಕೆಟ್ ಅಲುಗಾಡುತ್ತಿದೆ. ಕೊರೆದರೆ ಬಿಳಿಯಾದ, ಹಿಟ್ಟಿನಂಥ ಪುಡಿ ಬರುತ್ತದೆ. ನಮಗೂ ಹಲಗೆಯೇ ಬೇಕೇ?

ಉತ್ತರ (ಉಡುಪಿ)

ಮೇಡಂ, ಗಾರೆಯ ಪದರ ದಾಟಿದ ಮೇಲೂ ಅಂಥ ಪುಡಿಯೇ ಬರುತ್ತಿದ್ದರೆ ಗೋಡೆ ಎಎಸಿ (ಗಾಳಿ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನದು. ಒಳಗೆಲ್ಲ ಗಾಳಿಗುಳ್ಳೆಗಳಿರುವುದರಿಂದ ಅದರ ತೂಕ ಘನ ಮೀಟರಿಗೆ ಸುಮಾರು 550ರಿಂದ 650 ಕೆ.ಜಿ. ಮಾತ್ರ, ಅಂದರೆ ನೀರಿಗಿಂತಲೂ ಹಗುರ. ಅಲ್ಲಿ ಹ್ಯಾಮರ್ ಬಳಸಲೇಬಾರದು. ಎಎಸಿಗೆಂದೇ ಮಾಡಿದ, ಮೈಮೇಲೆ ಅಗಲ ರೆಕ್ಕೆ ಅಥವಾ ಸುರುಳಿ ಎಳೆಗಳಿರುವ ಪ್ಲಗ್ ಹಾಕಿ. ಕೊರೆಯುವ ಅಳತೆ ಪೊಟ್ಟಣದ ಮೇಲಿರುತ್ತದೆ, ಅದನ್ನೇ ಪಾಲಿಸಿ. ಒಂದೇ ರಾಡ್, ಹಗುರ ಪರದೆ ಆಗಿದ್ದರೆ ಅಷ್ಟು ಸಾಕು. ಜೋಡಿ ರಾಡ್ ಆಗಿದ್ದರೆ ಹಲಗೆಯೇ ಕ್ಷೇಮ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಹಲಗೆ ಹಾಕಿಸಿದೆವು. ಪರಿಚಯದ ಬಡಗಿಯೊಬ್ಬರು ಹಳೆಯ ಬಾಗಿಲಿನಿಂದ ಉಳಿದಿದ್ದ ಹಲಸಿನ ಹಲಗೆಯನ್ನು ಕೊಯ್ದು ಕೊಟ್ಟರು. ಕಿತ್ತುಹೋದ ಜಾಗವನ್ನು ಮೊದಲು ನೀರು ಚಿಮುಕಿಸಿ, ಒಂದಕ್ಕೆ ಮೂರು ಪಾಲು ಮರಳಿನ ಸಿಮೆಂಟ್ ಗಾರೆಯಿಂದ ಮುಚ್ಚಿ ಒಂದು ವಾರ ನೀರುಣಿಸಿದೆವು. ಲಿಂಟಲ್ ಕೊರೆಯಲು ಬಾಡಿಗೆಗೆ ದೊಡ್ಡ ಹ್ಯಾಮರ್ ಡ್ರಿಲ್ ತಂದೆವು. ಎರಡನೆಯ ತೂತಿನಲ್ಲಿ ಸರಳು ಸಿಕ್ಕಿತು. ಒಂದು ಇಂಚು ಸರಿದು ಕೊರೆದಾಗ ದಾರಿ ಸಿಕ್ಕಿತು. ಎಡತುದಿಯಲ್ಲಿ ಕಲ್ಲಿನೊಳಗೆ ಒಂದು ಪೊಳ್ಳು ಸಿಕ್ಕಿ ಪ್ಲಗ್ ಸುಮ್ಮನೆ ತಿರುಗಿತು. ಅಲ್ಲಿ ಎಂ-ಸೀಲ್ (ಕಲಸಿದ ಮೇಲೆ ಗಟ್ಟಿಯಾಗುವ ಎಪಾಕ್ಸಿ ಅಂಟು) ಕಲಸಿ ತೂತಿನೊಳಗೆ ತುಂಬಿ, ಪ್ಲಗ್ ಒತ್ತಿ ಒಂದು ದಿನ ಬಿಟ್ಟು ಸ್ಕ್ರೂ ಬಿಗಿದೆವು. ಇದು ಸರಿಯೇ ಎಂದು ಪುತ್ತೂರಿನವರು ಹೇಳಬೇಕು.

ನಡುವಿನ ಬ್ರಾಕೆಟ್ ಬಂದ ಮೇಲೆ ರಾಡ್ ಬಗ್ಗುವುದು ನಿಂತಿದೆ. ಮೊದಲು ಮಧ್ಯದಲ್ಲಿ ಬೆರಳಗಲ ಇಳಿದಿತ್ತು, ಬಳೆಗಳೆಲ್ಲ ಅಲ್ಲಿಗೇ ಜಾರುತ್ತಿದ್ದವು. ನಾಲ್ಕು ಪರದೆಗಳನ್ನು ಎರಡೆರಡಾಗಿ ಹಂಚಿದ್ದರಿಂದ ಮಧ್ಯದ ಆಧಾರ ಅಡ್ಡಿಯಾಗಲಿಲ್ಲ.

ಉತ್ತರ (ಪುತ್ತೂರು)

ಸರಿಯಾಗಿಯೇ ಮಾಡಿದ್ದೀರಿ. ಆ ತುದಿಗೆ ಭಾರ ಕಡಿಮೆ ಇರುವುದರಿಂದ ಎಂ-ಸೀಲ್ ಸಾಕು. ಆಧಾರಗಳ ನಡುವಿನ ದೂರ ಅರ್ಧವಾದರೆ ಪರದೆಯ ಭಾರಕ್ಕೆ ರಾಡ್ ಬಗ್ಗುವುದು ಹದಿನಾರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ, ಆದ್ದರಿಂದ ಆ ಇಳಿತ ಇನ್ನು ಕಾಣದು. ಹಲಗೆ ಹೊಸ ಜಾಗದ ತೇವಕ್ಕೆ ಹೊಂದಿಕೊಳ್ಳುವಾಗ ಸ್ವಲ್ಪ ಕದಲಬಹುದು. ಈ ಮಳೆಗಾಲ ಮುಗಿದ ಮೇಲೆ ಎಲ್ಲ ಸ್ಕ್ರೂಗಳನ್ನು ಕೈ ಸ್ಕ್ರೂಡ್ರೈವರ್‌ನಿಂದ ಒಮ್ಮೆ ಬಿಗಿಮಾಡಿ, ಡ್ರಿಲ್ ಯಂತ್ರದಿಂದ ಬೇಡ.