‘ಚಿಲ್ಡ್ರನ್ಸ್ ಕಂಪನಿ’: ಮಕ್ಕಳ ಮೇಳವೋ, ಬಾಲಕರ ಕಂಪನಿಯೋ?

ಪ್ರಶ್ನೆ

ಮಾನ್ಯರೇ,

ಷೇಕ್ಸ್‌ಪಿಯರನ ಕಾಲದ ಲಂಡನ್ ರಂಗಭೂಮಿಯ ಕುರಿತ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳು ನಾಡಿದ್ದು ಅಚ್ಚಿಗೆ ಹೋಗಬೇಕು. ‘ಚಿಲ್ಡ್ರನ್ಸ್ ಕಂಪನಿ’ಗೆ ‘ಮಕ್ಕಳ ನಾಟಕ ತಂಡ’ ಎಂದು ಬರೆದರೆ ಮಕ್ಕಳಿಗಾಗಿ ಆಡುವ ತಂಡವೆಂದೇ ಓದುಗರು ತಿಳಿಯುತ್ತಾರೆ. ಆದರೆ ಸೇಂಟ್ ಪಾಲ್ಸ್ ಕೆಥೆಡ್ರಲ್ ಮತ್ತು ಅರಮನೆಯ ಪ್ರಾರ್ಥನಾಸೇವೆಯ ಚಾಪೆಲ್ ರಾಯಲ್‌ಗಳ ಗಾಯಕವೃಂದದ ಹೆಸರಿನಲ್ಲಿ ಕಟ್ಟಿದ್ದ ಆ ತಂಡಗಳ ಹುಡುಗರು ಆಡುತ್ತಿದ್ದುದು ದೊಡ್ಡವರಿಗಾಗಿ, ಅದೂ ಬೆನ್ ಜಾನ್ಸನ್, ಚ್ಯಾಪ್‌ಮನ್ ಮುಂತಾದ ನಾಟಕಕಾರರು ಬರೆದ ವಿಡಂಬನೆಗಳನ್ನು. ಇನ್ನೊಂದು: 1600ರಿಂದ ಚಾಪೆಲ್ಲಿನ ಹುಡುಗರು ಆಡಿದ ಬ್ಲ್ಯಾಕ್‌ಫ್ರಯರ್ಸ್, ‘ಪ್ರೈವೇಟ್ ಪ್ಲೇಹೌಸ್’. ಇದನ್ನು ‘ಖಾಸಗಿ ರಂಗಮಂದಿರ’ ಎನ್ನಬಹುದೆ?

ಉತ್ತರ 1

‘ಕಂಪನಿ’ಯೂ ಬೇಡ, ‘ರಂಗಮಂದಿರ’ವೂ ಬೇಡ. ‘ಪ್ಲೇ’ ಎಂದರೆ ಆಟ. ಕರಾವಳಿಯವರು ಇಂದಿಗೂ ಯಕ್ಷಗಾನವನ್ನು ಆಟವೆಂದೇ ಕರೆಯುತ್ತಾರೆ. 1614ರ ಹೋಪ್ ಎಂಬ ಲಂಡನ್ನಿನ ಪ್ಲೇಹೌಸಿನಲ್ಲಿ ರಂಗವನ್ನು ಕಳಚಿಟ್ಟು ಅದೇ ಅಂಗಳದಲ್ಲಿ ಕರಡಿಯ ಮೇಲೆ ನಾಯಿಗಳನ್ನು ಬಿಡುತ್ತಿದ್ದರು. ಎರಡನ್ನೂ ಒಳಗೊಳ್ಳುವ ಪದ ‘ಆಟದಮನೆ’ಯೊಂದೇ. ತಂಡಕ್ಕೆ ‘ಎಳೆಯರ ಕೂಟ’ ಸಾಕು. ಎರವಲಿನ ಚಟ ಬಿಟ್ಟರೆ ಪದಗಳು ತಾವಾಗಿ ಸಿಗುತ್ತವೆ.

ಉತ್ತರ 2

‘ಆಟದಮನೆ’ ಎಂದೊಡನೆ ಕಣ್ಣಮುಂದೆ ಬರುವುದು ಮಕ್ಕಳ ಅಡುಗೆಯಾಟದ ಮಣ್ಣಿನ ಕುಡಿಕೆಗಳು. ‘ಎಳೆಯರ ಕೂಟ’ ಬೇಸಿಗೆ ಶಿಬಿರದ ಹೆಸರು. ಇವೆರಡನ್ನೂ ಕೈಬಿಡಿ.

ಎರವಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. 1576ರಲ್ಲಿ ಜೇಮ್ಸ್ ಬರ್ಬೇಜ್ ಶೋರ್‌ಡಿಚ್‌ನಲ್ಲಿ ನಾಟಕಕ್ಕೆಂದೇ ಕಟ್ಟಡ ಎಬ್ಬಿಸಿದಾಗ, ‘ಪ್ಲೇಹೌಸ್’ ಎಂಬ ಮನೆಮಾತು ಕೈಯಲ್ಲೇ ಇದ್ದರೂ, ಗ್ರೀಕ್ ಮೂಲದ ‘ಥಿಯೇಟರ್’ ಎಂಬ ಹೆಸರನ್ನು ಅದಕ್ಕಿಟ್ಟ. ಬಡಗಿಯ ಕಸುಬಿನಿಂದ ಬಂದವನಿಗೇ ಇಲ್ಲದ ಮಡಿ ನಮಗೇಕೆ?

‘ಖಾಸಗಿ’ ಎಂಬುದು ಶುದ್ಧ ತಪ್ಪು. ದುಡ್ಡು ತೆತ್ತವರಿಗೆಲ್ಲ ಬ್ಲ್ಯಾಕ್‌ಫ್ರಯರ್ಸ್‌ನ ಬಾಗಿಲು ತೆರೆದಿತ್ತು. ಆಕಾಶಕ್ಕೆ ತೆರೆದಿದ್ದ ಗ್ಲೋಬ್ ರಂಗಮಂದಿರದ ಅಂಗಳದಲ್ಲಿ ಒಂದು ಪೆನ್ನಿಗೆ ನಿಂತು ನೋಡಬಹುದಾಗಿದ್ದರೆ ಇಲ್ಲಿ ಕನಿಷ್ಠ ಆರು ಪೆನ್ನಿ, ಅಷ್ಟೇ. ನಿಜವಾದ ವ್ಯತ್ಯಾಸವಿದ್ದುದು ಸೂರಿನಲ್ಲಿ. ಇಲ್ಲಿ ಮೇಣದಬತ್ತಿಯ ಬೆಳಕಿನಲ್ಲಿ ಆಟ ನಡೆಯುತ್ತಿತ್ತು, ಅಂಕಗಳ ನಡುವೆ ಬತ್ತಿಯ ಕುಡಿ ಕತ್ತರಿಸುವಷ್ಟು ಹೊತ್ತು ಸಂಗೀತವಿರುತ್ತಿತ್ತು. ‘ಮುಚ್ಚುರಂಗಮಂದಿರ’, ‘ತೆರೆದ ರಂಗಮಂದಿರ’ ಎಂದು ಬೇರ್ಪಡಿಸಿ. ‘ನಾಟಕಶಾಲೆ’ಯತ್ತ ಮಾತ್ರ ಹೋಗಬೇಡಿ, ಆ ಪದಕ್ಕೆ ಮರಾಠಿಯಲ್ಲಿ ಇಟ್ಟುಕೊಂಡ ನರ್ತಕಿ ಎಂಬ ಅರ್ಥವಿದೆ.

ತಂಡದ ಹೆಸರಿಗೆ ‘ಮಕ್ಕಳ ಮೇಳ’ ಹತ್ತಿರದ ಪದವೇ ಹೌದು; ಸಾಲಿಗ್ರಾಮದ ಮಕ್ಕಳ ಮೇಳವನ್ನು ಬಲ್ಲವರು ಮಕ್ಕಳೇ ಆಡುವ ಮೇಳವೆಂದು ಸರಿಯಾಗಿ ತಿಳಿದಾರು, ಆದರೆ ಅವರ ಕಿವಿಯಲ್ಲಿ ಚೆಂಡೆಯೂ ಕೇಳಿಸೀತು. ಅಲ್ಲದೆ ‘ಮಕ್ಕಳು’ ಎಂದರೆ ಹೆಣ್ಣುಮಕ್ಕಳೂ ಸೇರುತ್ತಾರೆ, ಈ ತಂಡಗಳಲ್ಲಿ ಅವರಿರಲಿಲ್ಲ. ‘ಬಾಲಕರ ಕಂಪನಿ’ ಎನ್ನಿ. ಕಂಪನಿ ನಾಟಕ ನೋಡಿ ಬೆಳೆದ ಕನ್ನಡಿಗರಿಗೆ ‘ಕಂಪನಿ’ ಪರಕೀಯವಲ್ಲ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಒಟ್ಟಿಗೆ ರೊಟ್ಟಿ ತಿನ್ನುವವರು ಎಂದು.

ನೀವು ಕೇಳದಿದ್ದರೂ ‘ಇಂಪ್ರೆಸ್’ ಎಂಬ ಕ್ರಿಯಾಪದ ನಿಮ್ಮ ಅಧ್ಯಾಯದಲ್ಲಿ ಬಂದೇ ಬರುತ್ತದೆ. ಅರಸೊತ್ತಿಗೆಯ ಗಾಯನಕ್ಕೆ ಹುಡುಗರನ್ನು ಬಲವಂತವಾಗಿ ಒಯ್ಯುವ ಅಧಿಕಾರ ಚಾಪೆಲ್ಲಿನ ಮೇಷ್ಟರಾದ ನಥಾನಿಯಲ್ ಜೈಲ್ಸ್‌ಗಿತ್ತು. 1600ರ ಡಿಸೆಂಬರಿನಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಥಾಮಸ್ ಕ್ಲಿಫ್ಟನ್ ಎಂಬ ಹುಡುಗನನ್ನು ಹಿಡಿದು ಬ್ಲ್ಯಾಕ್‌ಫ್ರಯರ್ಸ್‌ಗೆ ಎಳೆದೊಯ್ದು, ಮಾತುಗಳನ್ನು ಬರೆದ ಕಾಗದದ ಸುರುಳಿಯೊಂದನ್ನು ಕೈಗಿತ್ತು, ಬಾಯಿಪಾಠ ಮಾಡದಿದ್ದರೆ ಚಾಟಿಯೇಟು ಎಂದು ಹೆದರಿಸಿದರೆಂದು ಅವನ ತಂದೆ ದೂರು ಕೊಟ್ಟರು. ಇದಕ್ಕೆ ‘ನೇಮಕ’ ಎಂದು ಬರೆದೀರಿ, ಜೋಕೆ! ‘ಬಿಟ್ಟಿ ಹಿಡಿದರು’ ಎನ್ನಿ. ‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವವೆಂಬುದನ್ನು ಮೇಲಿನವರು ಗಮನಿಸಲಿ.

ಉತ್ತರ 3 (ಮೊದಲ ಉತ್ತರದವರಿಂದ)

ಗಮನಿಸಿದೆ. ತದ್ಭವ ಕನ್ನಡದ ಬಾಯಲ್ಲಿ ನುರಿದು ಬಂದದ್ದು, ‘ಕಂಪನಿ’ ಹಾಗಲ್ಲ. ‘ಮುಚ್ಚುರಂಗಮಂದಿರ’ ಯಾವ ವ್ಯಾಕರಣದ ಸಮಾಸವೋ ತಿಳಿಯದು.

ಪ್ರಶ್ನಿಸಿದವರಿಂದ

ಇಬ್ಬರಿಗೂ ವಂದನೆಗಳು. ‘ಬಾಲಕರ ಕಂಪನಿ’ಯನ್ನೂ ‘ಬಿಟ್ಟಿ ಹಿಡಿದರು’ ಎಂಬುದನ್ನೂ ಸೇರಿಸಿದ್ದೇನೆ. ‘ಮುಚ್ಚುರಂಗಮಂದಿರ’ ನನಗೂ ಒಗ್ಗಲಿಲ್ಲ. ‘ಸೂರುಳ್ಳ ರಂಗಮಂದಿರ’ ಎಂದು ಬರೆದಿದ್ದೇನೆ. ಯಾರಿಗಾದರೂ ಆಕ್ಷೇಪವಿದ್ದರೆ ನಾಳೆ ಸಂಜೆಯೊಳಗೆ ತಿಳಿಸಬೇಕು.