‘ಪ್ರಯರ್’ ಎಂಬುದಕ್ಕೆ ‘ಪೂರ್ವಗ್ರಹ’ ಒಪ್ಪುತ್ತದೆಯೇ?

ಸಂಖ್ಯಾಶಾಸ್ತ್ರದ ಬೇಯ್ಸ್ ವಿಧಾನವನ್ನು ಕುರಿತ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕ್ಲಿನಿಕಲ್ ಪ್ರಯೋಗ ಆರಂಭವಾಗುವ ಮೊದಲೇ, ಹಿಂದಿನ ಪ್ರಯೋಗಗಳ ದತ್ತಾಂಶದಿಂದ ಔಷಧದ ಪರಿಣಾಮದ ಬಗ್ಗೆ ತಿಳಿದಿರುವುದನ್ನು ಸಂಭವನೀಯತೆಯ ರೂಪದಲ್ಲಿ ಬರೆದಿಟ್ಟುಕೊಂಡರೆ ಅದು ‘ಪ್ರಯರ್’. ಹೊಸ ಫಲಿತಾಂಶ ಸೇರಿ ಅದು ತಿದ್ದುಪಡಿಯಾದ ಮೇಲೆ ದೊರೆಯುವುದು ‘ಪೋಸ್ಟೀರಿಯರ್’. ಕರಡನ್ನು ಓದಿದ ಗೆಳೆಯರೊಬ್ಬರು ಮೊದಲನೆಯದಕ್ಕೆ ‘ಪೂರ್ವಗ್ರಹ’ ಎಂಬ ಪದವನ್ನು ಸೂಚಿಸಿದರು.

ವ್ಯುತ್ಪತ್ತಿಯ ಮಟ್ಟಿಗೆ ನನ್ನ ತಕರಾರಿಲ್ಲ. ಮೊದಲೇ ಗ್ರಹಿಸಿದ್ದು ಎಂದೇ ಅದರ ಅರ್ಥ. ಆದರೆ ಬಳಕೆಯಲ್ಲಿ ಪೂರ್ವಗ್ರಹಪೀಡಿತನೆಂದರೆ ಕಣ್ಣೆದುರಿನ ಸಾಕ್ಷ್ಯಕ್ಕೂ ಜಗ್ಗದವನು, ಪ್ರಯರ್ ಆದರೋ ಸಾಕ್ಷ್ಯಕ್ಕೆ ಜಗ್ಗಲೆಂದೇ ಇರುವಂಥದ್ದು. ಹಳೆಯ ಪ್ರಯೋಗದ 100 ರೋಗಿಗಳಲ್ಲಿ 30 ಮಂದಿಯೂ ಹೊಸ ಪ್ರಯೋಗದ 40 ರೋಗಿಗಳಲ್ಲಿ 20 ಮಂದಿಯೂ ಗುಣವಾದರೆಂದು ಇಟ್ಟುಕೊಳ್ಳೋಣ. ಸಂಖ್ಯಾಶಾಸ್ತ್ರಜ್ಞರಾದ ಇಬ್ರಾಹಿಂ ಮತ್ತು ಚೆನ್ ಅವರು 2000ದಲ್ಲಿ ವಿವರಿಸಿದ ‘ಪವರ್ ಪ್ರಯರ್’ ಕ್ರಮದಂತೆ ಹಳೆಯ ದತ್ತಾಂಶಕ್ಕೆ ಅರ್ಧ ತೂಕವನ್ನಷ್ಟೇ ಕೊಟ್ಟರೆ, ಅದು 50ರಲ್ಲಿ 15 ಎಂದು ಲೆಕ್ಕಕ್ಕೆ ಬಂದು, ಒಟ್ಟು 90ರಲ್ಲಿ 35, ಅಂದರೆ ಸುಮಾರು ಶೇ 39 ಆಗುತ್ತದೆ. ಶೇ 30ರಲ್ಲಿದ್ದ ಅಂದಾಜು ಇಷ್ಟು ಸಲೀಸಾಗಿ ಸರಿಯುವಾಗ ಅದನ್ನು ಪೂರ್ವಗ್ರಹವೆನ್ನಲು ಮನಸ್ಸೊಪ್ಪುವುದಿಲ್ಲ.

‘ಪೂರ್ವಾನುಮಾನ’ ತರ್ಕಶಾಸ್ತ್ರ ಓದಿದವರಿಗೆ ಸರಿಹೋದೀತು. ಉಳಿದವರಿಗೆ ಅನುಮಾನವೆಂದರೆ ಶಂಕೆಯೇ ಆದ್ದರಿಂದ, ಅವರು ಔಷಧವನ್ನೇ ಶಂಕಿಸಿಯಾರು. ‘ಮುನ್ನಂದಾಜು’ ನಾಲಿಗೆಗೆ ಹಗುರ, ಆದರೆ ಮುನ್ನೋಟ, ಮುನ್ಸೂಚನೆಗಳ ಸಾಲಿಗೆ ಸೇರಿ ಮುಂದೆ ಆಗಲಿರುವುದರತ್ತ ಬೆರಳು ಮಾಡುತ್ತದೆ.

ಪೂರ್ವಾರ್ಧ, ಉತ್ತರಾರ್ಧಗಳ ಮಾದರಿಯಲ್ಲಿ ‘ಪೂರ್ವ ಸಂಭವನೀಯತೆ’, ‘ಉತ್ತರ ಸಂಭವನೀಯತೆ’ ಎಂಬ ಜೋಡಿಯ ಕಡೆಗೆ ನನ್ನ ಒಲವು. ಇಲ್ಲಿನ ‘ಉತ್ತರ’ವನ್ನು ಯಾರಾದರೂ ಜವಾಬು ಎಂದು ಓದಿಕೊಂಡರೂ ದೊಡ್ಡ ಹಾನಿಯಿಲ್ಲ, ಪ್ರಯೋಗ ಕೇಳಿದ ಪ್ರಶ್ನೆಗೆ ಸಿಗುವ ಜವಾಬೂ ಅದೇ ತಾನೆ! ಹಳೆಯ ದತ್ತಾಂಶವನ್ನು ಹೊಸದಕ್ಕೆ ತಂದುಕೊಳ್ಳುವ ‘ಬಾರೋಯಿಂಗ್’ಗೆ ‘ಎರವಲು’ ಎಂದು ಬರೆದಿದ್ದೇನೆ. ಎರವಲು ತಂದದ್ದನ್ನು ಹಿಂದಿರುಗಿಸಬೇಕಲ್ಲವೇ ಎಂಬ ಆಕ್ಷೇಪ ಬರಬಹುದು. ಎರವಲು ಪದಗಳನ್ನು ಯಾವ ಭಾಷೆಯೂ ಹಿಂದಿರುಗಿಸಿದ್ದಿಲ್ಲವೆಂಬ ಧೈರ್ಯದಿಂದ ಅದನ್ನು ಉಳಿಸಿಕೊಂಡಿದ್ದೇನೆ.

ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಹೇಳಿದವರು ಈ ಮೂರಕ್ಕೆ ಯಾವ ಪದಗಳನ್ನು ಬಳಸಿದ್ದೀರಿ, ವಿದ್ಯಾರ್ಥಿಗಳು ಯಾವುದರಲ್ಲಿ ಎಡವಿದರು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.