ಚಲನ್ ಮೂರು ತಿಂಗಳು ತಡವಾಗಿ ಬಂದರೆ ಕಟ್ಟಬೇಕಾ? ವಕೀಲರಿಗೆ ಕೇಳಿದ ಪ್ರಶ್ನೆ

ಪ್ರಶ್ನೆ (ಗದಗದಿಂದ ಒಬ್ಬರು)

ನಮಸ್ಕಾರ ವಕೀಲರೇ. ನಮ್ಮ ಕಾರಿಗೆ ಅತಿವೇಗದ ದಂಡ ಬಿದ್ದಿದೆ ಅಂತ ನಿನ್ನೆ ಒಂದು ಕಾಗದ ಕೈಗೆ ಬಂತು. ಮಾರ್ಚ್ 12ರಂದು ಬೆಂಗಳೂರು ಕಡೆಯ ಹೆದ್ದಾರಿಯಲ್ಲಿ 100ರ ಮಿತಿ ಇರುವಲ್ಲಿ ಗಾಡಿ 118ರಲ್ಲಿ ಹೋಗಿದೆಯಂತೆ. ದಂಡ 1000 ರೂಪಾಯಿ. ಈಗ ಜೂನ್ ಮುಗಿಯುತ್ತಾ ಬಂತು. ಅವತ್ತು ನಮ್ಮ ಯಜಮಾನರು ಓಡಿಸಿದ್ದರೋ, ಮೈದುನ ಓಡಿಸಿದ್ದನೋ ಅನ್ನೋದೂ ನೆನಪಿಲ್ಲ. ಮೊಬೈಲಿಗೆ ಒಂದು ಮೆಸೇಜೂ ಬಂದಿಲ್ಲ. 15 ದಿನದೊಳಗೆ ನೋಟಿಸ್ ಬರದಿದ್ದರೆ ಕಟ್ಟಬೇಕಿಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜಾನಾ? ಆರ್‌ಸಿ ನನ್ನ ಹೆಸರಲ್ಲಿದೆ. ಕೋರ್ಟು ಅಂದರೆ ಎದೆ ಡವಡವ ಅನ್ನುತ್ತೆ.

ಉತ್ತರ (ವಕೀಲರು, ಧಾರವಾಡ)

ಅಕ್ಕಾವ್ರೇ, ಮೊದಲು ಹೆದರಿಕೆ ಬಿಡಿ. ಇದು ದಂಡ ಕಟ್ಟಿದರೆ ಮುಗಿಯುವ ವಿಷಯ, ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ.

ನಿಮ್ಮ ಪಕ್ಕದ ಮನೆಯವರು ಅರ್ಧ ಸರಿ ಹೇಳಿದ್ದಾರೆ. ಕ್ಯಾಮೆರಾ ಚಲನ್‌ಗೆ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 167ಎ ಅಂತ ಒಂದು ನಿಯಮ ಸೇರಿಸಿದರು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ ಅದರಲ್ಲಿದೆ. ಆದರೆ ಆ ಮಾತು 'ಕಳಿಸಬೇಕು' ಅಂತ. ನಿಮ್ಮ ಕೈಗೆ ಯಾವತ್ತು ಸಿಕ್ಕಿತು ಅನ್ನೋದು ಬೇರೆ. ಇನ್ನೊಂದು, 15 ದಿನ ದಾಟಿದ ಕೂಡಲೇ ಚಲನ್ ತಾನಾಗಿ ಅಳಿಸಿಹೋಗಲ್ಲ. ತಡವಾಗಿದೆ ಅಂತ ನೀವೇ ಬರೆದು ಕೇಳಬೇಕು, ಅದಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಯಾವುದು ಗೊತ್ತಾ? ಕಾಗದ ಬಂದ ಲಕೋಟೆ. ಎಲ್ಲರೂ ಅದನ್ನೇ ಹರಿದು ಒಲೆಗೆ ಹಾಕುತ್ತಾರೆ.

ಲಕೋಟೆ ಇದೆಯಾ? ಇದ್ದರೆ ಅಂಚೆ ಮುದ್ರೆಯ ತಾರೀಖು ಓದಿ. ವಿಳಾಸ ಯಾವುದು ನೋಡಿ. ಆಮೇಲೆ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ಹೋಗಿ ಗಾಡಿ ನಂಬರು ಮತ್ತು ಚಾಸಿ ನಂಬರಿನ ಕೊನೆಯ 5 ಅಂಕಿ ಹಾಕಿ, ಫೋಟೋ ತೆರೆದು ದೊಡ್ಡದು ಮಾಡಿ. ಕ್ಯಾಮೆರಾ ಗಾಡಿ ನಂಬರು ಓದುವಾಗ 3 ಮತ್ತು 8 ಅದಲುಬದಲಾಗುವುದು ಹೊಸದಲ್ಲ. ಗಾಡಿ ನಿಮ್ಮದೇನಾ, ಬಣ್ಣ ಹೊಂದುತ್ತಾ, ಎಲ್ಲ ನೋಡಿ ಇಲ್ಲೇ ತಿಳಿಸಿ.

ಪ್ರಶ್ನೆ ಕೇಳಿದವರು

ದೇವರ ದಯೆ, ಲಕೋಟೆ ಇತ್ತು ಸರ್. ಮುದ್ರೆ ಅರ್ಧ ಮಾಸಿದೆ, ಆದರೂ 21 ಮಾರ್ಚ್ ಅಂತ ಕಾಣುತ್ತೆ. ವಿಳಾಸ ಹುಬ್ಬಳ್ಳಿ ಕೇಶ್ವಾಪುರದ್ದು! ನಾವು ಮೊದಲು ಅಲ್ಲಿ ಬಾಡಿಗೆಗೆ ಇದ್ವಿ, ಗಾಡಿ ನೋಂದಣಿಯೂ ಹುಬ್ಬಳ್ಳಿಯದೇ, ಕೆಎ-63. ಆ ಮನೆ ಮಾಲೀಕರು ಕಾಗದವನ್ನು ಟಿವಿ ಹಿಂದೆ ಇಟ್ಟು ಮರೆತಿದ್ದರಂತೆ, ಯಾರೋ ಗದಗಕ್ಕೆ ಬರುವಾಗ ಕೊಟ್ಟು ಕಳಿಸಿದ್ದಾರೆ. ಫೋಟೋನೂ ನೋಡಿದೆ. ಹಿಂದಿನ ಗಾಜಿನ ಮೇಲೆ ವೀರನಾರಾಯಣ ಸ್ವಾಮಿ ಸ್ಟಿಕರ್ ಇದೆ, ಅದು ನಾನೇ ಅಂಟಿಸಿದ್ದು. ಬೆಳಿಗ್ಗೆ 6.40. ಈಗ ನೆನಪಾಯಿತು, ಯಜಮಾನರೇ ಓಡಿಸಿದ್ದು.

ಉತ್ತರ

ಚೆನ್ನಾಗಿ ಹುಡುಕಿದ್ದೀರಿ. 12ಕ್ಕೆ ತಪ್ಪು, 21ಕ್ಕೆ ಅಂಚೆ. ಅಂದರೆ 9ನೇ ದಿನಕ್ಕೇ ಕಳಿಸಿದ್ದಾರೆ. ತಡವಾದದ್ದು ಕೇಶ್ವಾಪುರದ ಟಿವಿ ಹಿಂದೆ. ಹಾಗಾಗಿ 15 ದಿನದ ವಾದ ನಿಮಗೆ ನಿಲ್ಲಲ್ಲ. ದಂಡ ಕಟ್ಟಿಬಿಡಿ ಅಂತಲೇ ನನ್ನ ಸಲಹೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಕಾರಿಗೆ 1000ದಿಂದ 2000 ರೂಪಾಯಿವರೆಗೆ ಹಾಕಬಹುದು, ನಿಮಗೆ ಕಡಿಮೆಯದ್ದೇ ಬಿದ್ದಿದೆ. ಜಾಲತಾಣದಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ.

ದಂಡ ಬರೀ ಅರ್ಧ ಕೆಲಸ. ಮನೆ ಬದಲಿಸಿದ 30 ದಿನದೊಳಗೆ ಆರ್‌ಸಿ ವಿಳಾಸ ಬದಲಿಸಬೇಕು ಅಂತ 49ನೇ ಕಲಂ ಹೇಳುತ್ತೆ. ಅದನ್ನು ಈ ವಾರವೇ ಮಾಡಿಸಿ. ಮೊಬೈಲ್ ನಂಬರೂ ನೋಡಿ. ಗಾಡಿ ಕೊಂಡಾಗ ಕೊಟ್ಟ ಹಳೇ ಸಿಮ್ ನಂಬರೇ ಎಷ್ಟೋ ಜನರ ಆರ್‌ಸಿಯಲ್ಲಿ ಕೂತಿರುತ್ತೆ, ಮೆಸೇಜು ಅದಕ್ಕೇ ಹೋಗುತ್ತೆ. ಇನ್ನೊಂದು ಚಲನ್ ಬಿದ್ದರೆ ಅದೂ ಕೇಶ್ವಾಪುರಕ್ಕೇ ಹೋಗುತ್ತೆ, ನಿಮಗೆ ಗೊತ್ತಾಗುವ ಹೊತ್ತಿಗೆ ಕೇಸು ಕೋರ್ಟಿಗೆ ಹೋಗಿರುತ್ತೆ.

ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. 118 ಅಂದರೆ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 33 ಮೀಟರ್. ಎದುರಿಗೆ ಎಮ್ಮೆ ಬಂದರೆ ಬ್ರೇಕ್ ಮೇಲೆ ಕಾಲು ಇಡುವಷ್ಟರಲ್ಲೇ ಗಾಡಿ ಅಷ್ಟು ದೂರ ಹೋಗಿರುತ್ತೆ. 2021ರ ಜನವರಿಯಲ್ಲಿ ನಮ್ಮ ಬೈಪಾಸಿನ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಅಪಘಾತದಲ್ಲಿ ಸತ್ತರಲ್ಲ, ಆ ಬೆಳಿಗ್ಗೆ ಧಾರವಾಡದಲ್ಲಿ ಯಾರಿಗೂ ಮರೆಯಲು ಆಗಿಲ್ಲ. ಯಜಮಾನರಿಗೆ ಹೇಳಿ, ಬೆಳಗಿನ ಖಾಲಿ ರಸ್ತೆ ನಂಬಬೇಡಿ ಅಂತ.

ಪ್ರಶ್ನೆ (ಹಾವೇರಿಯಿಂದ)

ಸರ್, ನಾನು ಎರಡು ವರ್ಷದ ಹಿಂದೆ ಕಾರು ಮಾರಿದ್ದೀನಿ. ಈಗ ನನ್ನ ಹೆಸರಿಗೆ ಎರಡು ಚಲನ್ ಬಂದಿವೆ. ಕೊಂಡವರು ಫೋನ್ ಎತ್ತುತ್ತಿಲ್ಲ. ಆರು ತಿಂಗಳು ಕಳೆದರೆ ಕೇಸು ಬೀಳಲ್ಲ ಅಂತಾರೆ, ಸುಮ್ನೆ ಇರಲಾ?

ಉತ್ತರ

ಸುಮ್ನೆ ಇರಬೇಡಿ ಅಣ್ಣಾ. ಬರೀ ದಂಡವೇ ಶಿಕ್ಷೆ ಇರುವ ತಪ್ಪಿಗೆ ಆರು ತಿಂಗಳು ದಾಟಿದ ಮೇಲೆ ಕೋರ್ಟು ಕೇಸು ಕೈಗೆತ್ತಿಕೊಳ್ಳಬಾರದು ಅಂತ ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂನಲ್ಲಿದೆ, ನಿಜ. ಆದರೆ ಅಷ್ಟರೊಳಗೆ ಕೇಸು ಹೋಗಿದೆಯೋ ಇಲ್ಲವೋ ನಿಮಗೆ ಹೇಗೆ ಗೊತ್ತು?

ನಿಮ್ಮ ತೊಂದರೆ ದಂಡಕ್ಕಿಂತ ದೊಡ್ಡದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಅಪಘಾತದ ಪರಿಹಾರದ ಒಂದು ಕೇಸಿನಲ್ಲಿ ಹೇಳಿದೆ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸ್ ನಿಮ್ಮ ಮನೆಗೇ ಬರುತ್ತೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಿತ್ತು. ತಡವಾದರೂ ಪರವಾಗಿಲ್ಲ, ಈಗಲೇ ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಚಲನ್‌ಗೆ ಉತ್ತರವಾಗಿ ಕೊಂಡವರ ಹೆಸರು, ವಿಳಾಸ, ಗಾಡಿ ಕೊಟ್ಟ ತಾರೀಖು ಬರೆಯಿರಿ. ಓಡಿಸಿದವರ ವಿವರ ಪೊಲೀಸರು ಕೇಳಿದರೆ ಕೊಡುವುದು ಮಾಲೀಕರ ಕರ್ತವ್ಯ, 133ನೇ ಕಲಂ.

ಮಾರಿದಾಗ ಬರೆಸಿದ ಬಾಂಡ್ ಪೇಪರ್ ಇದೆಯಾ? ಹುಡುಕಿ. ಸಿಕ್ಕರೆ ಝೆರಾಕ್ಸ್ ಮಾತ್ರ ಕೊಡಿ, ಮೂಲ ಪ್ರತಿ ಯಾರಿಗೂ ಕೊಡಬೇಡಿ.

ಪ್ರಶ್ನೆ (ಹುಬ್ಬಳ್ಳಿಯಿಂದ)

ನನಗೆ ವಾಟ್ಸಾಪಿನಲ್ಲೇ ಚಲನ್ ಬಂದಿದೆ ಸರ್, ಜೊತೆಗೆ ಒಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್). ತೆರೆಯಲಾ?

ಉತ್ತರ

ಬೇಡವೇ ಬೇಡ, ಅದು ಮೋಸ. ಚಲನ್ ನೋಡಲು ಯಾವ ಎಪಿಕೆ ಫೈಲೂ ಹಾಕಿಕೊಳ್ಳಬೇಕಿಲ್ಲ. ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಒತ್ತಿದ್ದರೆ ಫೋನಿನ ಇಂಟರ್‌ನೆಟ್ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈಗಲೇ.